ಗೋಪಾಲರಾಯರ ರೈಲುಮಾರ್ಗದ ಚುನಾವಣೆ

ಎರಡು ಸಾವಿರದ ನಾಲ್ಕನೆಯ ಇಸವಿಯ ವೈಶಾಖದ ಏಕಾದಶಿಯಂದು, ಸ್ನಾನ, ಸಂಧ್ಯಾವಂದನೆ, ಜಪಗಳನ್ನು ಮುಗಿಸಿ, ತೀರ್ಥದ ಹೊರತು ಬೇರೇನನ್ನೂ ಮುಟ್ಟದೆ, ಚಿತ್ತಾಪುರದ ಸಂಸ್ಕೃತ ಮಾಸ್ತರ ಗೋಪಾಲರಾಯರು ಬಜಾರಿನಲ್ಲಿದ್ದ, ತಾರೀಕನೆಂಬ ಹುಡುಗನ ಕಂಪ್ಯೂಟರ್ ಸೆಂಟರಿಗೆ ಬಂದು ಕುಳಿತರು. ಪರದೆಯ ಮೇಲೆ ಒಂದು ಪ್ರಕಟಣೆ ಅವರಿಗಾಗಿಯೇ ಕಾದಿತ್ತು.

ಹೈದರಾಬಾದಿನ ನಂದಕಿಶೋರ್ ಎಂಬಾತ ಬರೆದಿದ್ದ: "ರೈಲು ಆಟದ ಮಿತ್ರರೇ, ಮುಂದೆ ಯಾವ ಮಾರ್ಗವನ್ನು ಆಟದೊಳಗೆ ಕಟ್ಟಲಿ? ಇಂದು ಸಂಜೆ ಐದಕ್ಕೆ ಮತದಾನ ಮುಗಿಯುತ್ತದೆ. ಒಬ್ಬರಿಗೆ ಒಂದೇ ಮತ. ಬೇಕೆನಿಸಿದ ಮಾರ್ಗವನ್ನು ಯಾರಾದರೂ ಸೇರಿಸಬಹುದು. ಹೆಚ್ಚು ಮತ ಬಂದದ್ದನ್ನು ಕಟ್ಟುವ ಹೊಣೆ ನನ್ನದು."

ಕಂಪ್ಯೂಟರಿನ ಮುಂದೆ ಕುಳಿತು ರೈಲನ್ನು ನಡೆಸುವ ಆಟವದು. ಮಾರ್ಗ ನಿಜವಾದದ್ದು, ನಿಲ್ದಾಣ ನಿಜವಾದದ್ದು, ಗಾಡಿ ಮಾತ್ರ ಮಾಯೆ. ಅಲ್ಲಿದ್ದವುಗಳೆಲ್ಲ ಪರದೇಶದ ಮಾರ್ಗಗಳಾದ ಕಾರಣ, ಹೊರಗೆ ಚಿತ್ತಾಪುರದ ಬಿಸಿಲು ಹೆಂಚಿನ ಮೇಲೆ ಹಪ್ಪಳ ಸುಡುತ್ತಿದ್ದರೆ, ಒಳಗೆ ಗೋಪಾಲರಾಯರು ಬೆವರಿನಲ್ಲಿ ತೊಯ್ದು ಹಿಮಪರ್ವತಗಳ ಸುರಂಗದಲ್ಲಿ ಇಂಜಿನ್ನು ನಡೆಸುತ್ತಿದ್ದರು. ಹಾಗೆ ಸಮುದ್ರೋಲ್ಲಂಘನ ಮಾಡಿದ್ದಕ್ಕೆ ಪ್ರಾಯಶ್ಚಿತ್ತವುಂಟೇ ಎಂಬ ಸಂದೇಹ ಮೊದಮೊದಲು ಅವರನ್ನು ಕಾಡಿತ್ತು. ಕರ್ತೃವು ಕುರ್ಚಿಯನ್ನು ಬಿಟ್ಟು ಕದಲಿಲ್ಲವಾದ್ದರಿಂದ ದೋಷವಿಲ್ಲವೆಂದು ತಾವೇ ನಿರ್ಣಯ ಮಾಡಿಕೊಂಡಿದ್ದರು.

ಆದರೆ ಅವರ ಮನಸ್ಸು ಹಿಮಪರ್ವತದಲ್ಲಿ ಇರಲಿಲ್ಲ. ವಾಡಿಯಿಂದ ಸೇಡಮ್ಮಿಗೆ ಹೋಗುವ ಪ್ಯಾಸೆಂಜರ್ ಗಾಡಿಯಲ್ಲಿ ಇತ್ತು. ಅವರ ತಾಯಿಯ ತವರು ಸೇಡಂ. ಬೇಸಿಗೆಯ ರಜೆ ಬಂದಿತೆಂದರೆ ವಾಡಿ ಜಂಕ್ಷನ್ನಿನ ಪ್ಲಾಟ್‌ಫಾರ್ಮಿನಲ್ಲಿ ಟ್ರಂಕಿನ ಮೇಲೆ ಕುಳಿತು, ಉಗಿಯ ಇಂಜಿನ್ನು ಸಾವಕಾಶವಾಗಿ ನೀರು ಕುಡಿಯುವುದನ್ನು ನೋಡುವುದು. ತಂದೆಯವರು ನಲ್ಲಿಯ ಕೆಳಗೆ ಕೈಕಾಲು ತೊಳೆದು ಸಾಯಂಸಂಧ್ಯೆಯನ್ನು ಮುಗಿಸಿ ಬಂದರೂ ಅದರ ದಾಹ ತೀರಿರುತ್ತಿರಲಿಲ್ಲ. ಶಹಾಬಾದದ ಫರಸಿಕಲ್ಲಿನ ಹಾಸು ಆ ಹೊತ್ತಿಗೆ ತಣ್ಣಗಾಗಿ, ಬರಿಗಾಲಿಗೆ ಹಿತವಾಗಿರುತ್ತಿತ್ತು. ಗಾಡಿ ಹೊರಟಮೇಲೆ ಕಿಟಕಿಯಿಂದ ಇಣುಕಿ ಕಣ್ಣಿಗೆ ಕಲ್ಲಿದ್ದಲಿನ ಹರಳು ಬೀಳಿಸಿಕೊಳ್ಳುವುದು. ತಾಯಿ ಬಯ್ಯುತ್ತಲೇ ಸೆರಗಿನ ತುದಿಯನ್ನು ಉಸಿರಿನಿಂದ ಬೆಚ್ಚಗೆ ಮಾಡಿ ಕಣ್ಣಿಗೆ ಒತ್ತುವುದು. ಮಳಖೇಡ ರೋಡ್ ಬಂದಾಗ ಇಡೀ ಡಬ್ಬಿ ಕಾಗಿಣೆ ಹೊಳೆಯ ದಂಡೆಯಲ್ಲಿದ್ದ ಗುರುಗಳ ಬೃಂದಾವನದ ದಿಕ್ಕಿಗೆ ಕೈಮುಗಿಯುತ್ತಿತ್ತು. ಈಗ ತಾಯಿಯಿಲ್ಲ, ಉಗಿಯ ಇಂಜಿನ್ನಿಲ್ಲ. ಕೈಯೆತ್ತಿ ನಿಲ್ಲುವ ಹಳೆಯ ಸಿಗ್ನಲುಗಳನ್ನೂ ಒಂದೊಂದಾಗಿ ಕೀಳುತ್ತಿದ್ದರು. ಎಲ್ಲವೂ ಅಳಿಯುವ ಮೊದಲು ಆ ಮಾರ್ಗ ಪರದೆಯ ಮೇಲಾದರೂ ಉಳಿಯಲಿ, ಸೇಡಮ್ಮಿನ ತನಕ ಒಮ್ಮೆ ತಾವೇ ಗಾಡಿಯನ್ನು ನಡೆಸಿಕೊಂಡು ಹೋಗಬೇಕು ಎಂಬುದೊಂದೇ ಅವರ ಆಸೆ.

ಪಟ್ಟಿಯಲ್ಲಿ "ವಾಡಿ–ಚಿತ್ತಾಪುರ–ಸೇಡಂ" ಎಂದು ಸೇರಿಸಿ ತಮ್ಮ ಮತವನ್ನು ಒತ್ತಿದರು. ಮೇಲೆ ನೋಡಿದರೆ, ಪಶ್ಚಿಮಘಟ್ಟದ ಯಾವುದೋ ಮಾರ್ಗಕ್ಕೆ ಆಗಲೇ ಹದಿನೆಂಟು ಮತಗಳು ಬಿದ್ದಿದ್ದವು.

"ಯಾಕ್ರಿ ಮಾಸ್ತರ್, ಮಾರಿ ಹಿಂಗ್ಯಾಕ ಸಣ್ಣ ಮಾಡೀರಿ? ಉಪಾಸ ಹತ್ಯಾದೇನು?" ಎನ್ನುತ್ತ ಬಂದವನು ಪಕ್ಕದ ಫರಸಿ ಅಂಗಡಿಯ ಜಟ್ಟೆಪ್ಪ. ಬಜಾರಿನಲ್ಲಿ ಯಾರ ಮನೆಯ ಮದುವೆಯಾದರೂ, ಯಾರ ಮನೆಯ ಜಗಳವಾದರೂ ಜಟ್ಟೆಪ್ಪನಿಲ್ಲದೆ ನೆರವೇರುತ್ತಿರಲಿಲ್ಲ.

ರಾಯರು ಸಂಗತಿಯನ್ನು ವಿವರಿಸಿದರು.

"ವೋಟೇನ್ರಿ ಬೇಕಾಗಿದ್ದು? ಇಷ್ಟಕ್ಕ ಹಿಂಗ ಕುಂತೀರಿ? ಹೋದ ತಿಂಗಳ ಎಲೆಕ್ಷನ್‌ದಾಗ ಹಚ್ಚಿದ ಶಾಯಿ ಇನ್ನಾ ಬೆರಳಿನ ಮ್ಯಾಗ ಅದ. ಇಡೀ ಬಜಾರ ತಂದು ನಿಲ್ಲಸ್ತೀನಿ ತಡೀರಿ."

"ಆದರೆ ಜಟ್ಟೆಪ್ಪ, ಇದು ಆಟದ ಗಾಡಿ ಅಂತ ಅವರಿಗೆ ಮೊದಲೇ ಹೇಳಬೇಕು. ಸುಳ್ಳು ಹೇಳಿ ಕರೀಬಾರದು."

"ಖರೇನೇ ಹೇಳ್ತೀನ್ರಿ. ಜೋಡಿಗೆ ಮಿರ್ಚಿ ಭಜಿ ಅದ ಅಂತನೂ ಹೇಳ್ತೀನಿ."

ಭಜಿಯ ಕೀರ್ತಿ ಸತ್ಯಕ್ಕಿಂತ ವೇಗವಾಗಿ ಹಬ್ಬುತ್ತದೆ. ತಾಸಿನೊಳಗೆ ಸೆಂಟರಿನ ಮುಂದೆ ಪಾಳಿ ಬೆಳೆಯಿತು. ಎಲ್ಲರಿಗಿಂತ ಮುಂದೆ ಬಳೆಗಾರ್ತಿ ಜಾನಬಿ, ಅವಳ ಹಿಂದೆ ಭಜಿಯ ಬಂಡಿ. ನಿರಾಹಾರಿಗಳಾದ ಗೋಪಾಲರಾಯರು ಎಣ್ಣೆಯ ಹೊಗೆಯಲ್ಲಿ ನಿಂತು, ಹೋಮಕುಂಡದ ಮುಂದೆ ಕುಳಿತ ಪುರೋಹಿತರಂತೆ ಕಣ್ಣೊರೆಸಿಕೊಳ್ಳುತ್ತ, ಬಂದವರಿಗೆಲ್ಲ ಎಲೆಯ ದ್ರೋಣದಲ್ಲಿ ಭಜಿಯನ್ನು ಹಂಚಿದರು.

"ಮಾಸ್ತರ್ ಸಾಬ್, ಬೆರಳಿಗಿ ಶಾಯಿ ಹಚ್ಚೋದಿಲ್ಲೇನು?" ಎಂದಳು ಜಾನಬಿ.

"ಇಲ್ಲಮ್ಮ. ತಾರೀಕ ನಿನ್ನ ಹೆಸರಿನಲ್ಲಿ ಒಂದು ಇ-ಮೇಲ್ ವಿಳಾಸ ಮಾಡಿಕೊಡ್ತಾನೆ, ಅದರ ಮೇಲೆ ಒಂದು ವೋಟು. ಇದು ಆಟದ ಗಾಡಿ, ಗೊತ್ತದ ಅಲ್ಲ?"

"ಗೊತ್ತದ ಬಾಬಾ. ಖರೇ ಗಾಡಿಗಿ ಹಾಕಿದ ವೋಟಿನ ಹಣೇಬಾರಾನೂ ನೋಡೀನಿ. ಆಟದ್ದರ ಬರಲಿ."

ಅಷ್ಟರಲ್ಲಿ ಪಾಳಿಯಲ್ಲಿ ತಕರಾರು ಹುಟ್ಟಿತು. ಮಾರ್ಗದ ಕೊನೆಗೆ ಸೇಡಮ್ಮಿನ ಹೆಸರೇಕೆ, ಚಿತ್ತಾಪುರ ನಡುವೆ ಸಿಕ್ಕಿ ಒದ್ದಾಡಬೇಕೇಕೆ ಎಂದು ಒಬ್ಬ ಕೇಳಿದ. ಗಾಡಿ ಚಿತ್ತಾಪುರದಲ್ಲಿ ಎಷ್ಟು ಹೊತ್ತು ನಿಲ್ಲುತ್ತದೆಂಬುದನ್ನು ಮೊದಲು ಖಚಿತಪಡಿಸಬೇಕೆಂದು ಇನ್ನೊಬ್ಬ. ತನ್ನ ಫರಸಿ ತುಂಬಲು ಒಂದು ಗೂಡ್ಸ್ ಡಬ್ಬಿ ಜೋಡಿಸಲೇಬೇಕೆಂದು ಸ್ವತಃ ಜಟ್ಟೆಪ್ಪ. ರಾಯರು ಎಲ್ಲವನ್ನೂ ಒಪ್ಪಿಕೊಂಡರು. ತಮ್ಮ ಬಾಯಿಂದ ಆಶ್ವಾಸನೆಗಳು ಇಷ್ಟು ಸರಾಗವಾಗಿ ಹೊರಡುವುದನ್ನು ಕಂಡು ಅವರಿಗೇ ಭಯವಾಯಿತು.

ಪಾಪಭೀತಿಯ ಪರಿಹಾರಕ್ಕೆಂದೋ ಏನೋ, ಅವರು ಒಂದು ಧರ್ಮಕಾರ್ಯವನ್ನು ಮಾಡಿದರು. "ತಾರೀಕ, ನಾನು ಉಮೇದುವಾರನಿದ್ದ ಹಾಗೆ. ನಾನು ಒಳಗೆ ನಿಂತರೆ ಜನ ದಾಕ್ಷಿಣ್ಯಕ್ಕೆ ಬೀಳ್ತಾರ. ಮತ ಗುಪ್ತವಾಗಿರಬೇಕು" ಎಂದು ಹೇಳಿ, ಕಂಪ್ಯೂಟರಿನ ಕೋಣೆಯ ಬಾಗಿಲಿಗೆ ತಮ್ಮ ಹೆಗಲ ಮೇಲಿನ ಶಾಲನ್ನೇ ಪರದೆಯಾಗಿ ಕಟ್ಟಿದರು. "ಯಾರು ಏನು ಹಾಕಿದರೆಂದು ನನಗೂ ಹೇಳಕೂಡದು."

"ಕಸಂ ಸೆ, ಹೇಳೋದಿಲ್ಲ ಸಾರ್" ಎಂದ ತಾರೀಕ.

ಜಾನಬಿ ಶಾಲನ್ನು ಸರಿಸಿ ಒಳಗೆ ಕಾಲಿಟ್ಟಳೋ ಇಲ್ಲವೋ, ಕರೆಂಟು ಹೋಯಿತು. ಬೇಸಿಗೆಯಲ್ಲಿ ಚಿತ್ತಾಪುರದ ಕರೆಂಟು ದೊಡ್ಡವರ ಮನೆಯ ಅಳಿಯನಿದ್ದಂತೆ; ಹೋಗುವುದಕ್ಕೆ ಕಾರಣ ಬೇಡ, ಬರುವುದಕ್ಕೆ ಮುಹೂರ್ತ ಬೇಕು. ಊಟದ ಹೊತ್ತು ಕಳೆಯಿತು. ಪಾಳಿ ನೆರಳಿಗೆ ಸರಿಯಿತು, ನೆರಳಿನವರು ಮನೆಗೆ ಸರಿಯುವ ಲಕ್ಷಣ ಕಂಡಿತು. ಗೋಪಾಲರಾಯರು ಹಸಿವಿನಿಂದಲೂ ಚಿಂತೆಯಿಂದಲೂ ಕಂಬಕ್ಕೆ ಒರಗಿದರು.

"ಸೋತೆ ಜಟ್ಟೆಪ್ಪ."

"ನಾ ಇರೋತನಕ ಹ್ಯಾಂಗ ಸೋಲ್ತೀರಿ?" ಎಂದವನೇ ಜಟ್ಟೆಪ್ಪ, ಮದುವೆಯ ಹಂದರಕ್ಕೆ ಬಾಡಿಗೆ ಕೊಡುವ ಜನರೇಟರನ್ನು ಕೈಗಾಡಿಯ ಮೇಲೆ ತಳ್ಳಿಸಿಕೊಂಡು ಬಂದ. ಅದು ಹೊತ್ತಿಕೊಂಡದ್ದೇ ತಡ, ಬಜಾರೆಲ್ಲ ನಡುಗಿತು. ಪಕ್ಕದವರ ಮಾತು ಪಕ್ಕದವರಿಗೆ ಕೇಳದಾಯಿತು. ಶಾಲಿನ ಹಿಂದೆ ಜಾನಬಿ ತಾರೀಕನಿಗೆ ಏನನ್ನೋ ಕೈ ಬೀಸಿ ಹೇಳುತ್ತಿದ್ದುದು, ತಾರೀಕ ತಲೆದೂಗಿದ್ದು ನೆರಳಿನಂತೆ ಕಂಡಿತೇ ಹೊರತು ಒಂದಕ್ಷರವೂ ಕೇಳಿಸಲಿಲ್ಲ. ಹೊರಗೆ ಬಂದವರೆಲ್ಲ ರಾಯರ ಕೈ ಹಿಡಿದು ಕುಲುಕಿ, ಕಣ್ಣು ಮಿಟುಕಿಸಿ ನಡೆದರು. ಕಡೆಗೆ ಅವರ ಹೆಂಡತಿ ಸೀತಾಬಾಯಿ ಕೂಡ ಸೆರಗು ಹೊದ್ದು ಬಂದು ಮತ ಹಾಕಿ, ಗಂಡನ ಕಡೆಗೆ ಒಂದು ಅಪರೂಪದ ನಗೆ ನಕ್ಕು ಹೆಂಗಸರ ಗುಂಪಿನಲ್ಲಿ ನಿಂತರು. ಲಗ್ನವಾಗಿ ಇಪ್ಪತ್ತು ವರ್ಷದಲ್ಲಿ ರೈಲಿನ ವಿಷಯಕ್ಕೆ ಆಕೆ ನಕ್ಕದ್ದು ಅದೇ ಮೊದಲು.

ಐದು ಬಾರಿಸಿತು. ಜನರೇಟರು ನಿಂತಿತು. ತಾರೀಕ ಶಾಲನ್ನು ಬಿಚ್ಚಿದ. ಗೋಪಾಲರಾಯರು ಇಷ್ಟದೈವವನ್ನು ಸ್ಮರಿಸಿ ಪರದೆಯ ಮುಂದೆ ಕುಳಿತರು. ಬಜಾರೆಲ್ಲ ಅವರ ಬೆನ್ನಿಗೆ ನಿಂತಿತು.

ಪಶ್ಚಿಮಘಟ್ಟ ಸೋತಿತ್ತು. ನಲವತ್ತಕ್ಕೂ ಹೆಚ್ಚು ಮತಗಳನ್ನು ಪಡೆದು ಎಲ್ಲಕ್ಕಿಂತ ಮೇಲೆ ನಿಂತದ್ದು: "ಚಿತ್ತಾಪುರ–ಚಿಂಚೋಳಿ, ನಡುವೆ ಕೊಡ್ಲಿ."

ಎಲ್ಲಕ್ಕಿಂತ ಕೆಳಗೆ, ಪಂಕ್ತಿಯ ಕಡೆಗೆ ಕುಳಿತ ಬಡ ಬ್ರಾಹ್ಮಣನಂತೆ, "ವಾಡಿ–ಚಿತ್ತಾಪುರ–ಸೇಡಂ." ಒಂದು ಮತ.

ಗೋಪಾಲರಾಯರು ಪಟ್ಟಿಯನ್ನು ಕೆಳಗಿನಿಂದ ಮೇಲಕ್ಕೆ ಇನ್ನೊಮ್ಮೆ ಓದಿದರು. ಆಮೇಲೆ ಬಾಯಿಂದ ಹೊರಟದ್ದು ಒಂದೇ ಮಾತು: "ಚಿಂಚೋಳಿಗೆ ರೈಲೇ ಇಲ್ಲವಲ್ಲ!"

"ಅದಕ್ಕಾ ಹಾಕೀವಿ" ಎಂದಳು ಜಾನಬಿ, ಪಾಠ ತಿಳಿಯದ ಹುಡುಗನಿಗೆ ಹೇಳುವಂತೆ. "ನನ್ನ ಮಗಳಿಗಿ ಚಿಂಚೋಳಿಗಿ ಕೊಟ್ಟೀನಿ. ಆ ಜೀಪಿನಾಗ ಹೋಗಿ ಬಂದ್ರ ಎರಡು ದಿವಸ ಸೊಂಟ ಎತ್ತಲಿಕ್ಕಿ ಬರಲ್ಲ. ತಾರೀಕಗ ಕೇಳಿದೆ, ಚಿಂಚೋಳಿ ಗಾಡಿ ಅದ ಏನಪಾ ಅಂತ. ಇಲ್ಲ ಅಮ್ಮಿ, ಬೇಕಾದ್ರ ಸೇರಿಸ್ತೀನಿ ಅಂದ. ಸೇರಿಸು ಅಂದೆ."

"ಅದು ಪಟ್ಟಿಯೊಳಗ ಬಂದದ್ದು ನೋಡಿ ಎಲ್ಲಾರೂ ಅದಕ್ಕಾ ಅಂದ್ರು ಸಾರ್" ಎಂದ ತಾರೀಕ, ನೆಲ ನೋಡುತ್ತ. "ನೀವಾ ಹೇಳಬ್ಯಾಡ ಅಂದಿದ್ರಿ."

"ಜಟ್ಟೆಪ್ಪ, ನೀನೂ?"

"ನನ್ನ ತಂಗಿ ಇರೋದು ಎಲ್ಲಿ ಮಾಸ್ತರ್? ಚಿಂಚೋಳಿಯಾಗ. ಚಿತ್ತಾಪುರದಾಗ ಚಿಂಚೋಳಿ ಸೀಮಿಗಿ ಹೆಣ್ಣು ಕೊಡಲಾರದವರು, ತರಲಾರದವರು ಯಾರು ಅದಾರ ತೋರಸ್ರಿ! ನಿಮ್ಮ ವಾಡಿ-ಸೇಡಂ ಗಾಡಿ ಮುಂಜಾನಿಂದ ಎಷ್ಟು ಸಲ ಕೂ ಅಂತು ಕೇಳ್ರಿ. ಇದ್ದ ಗಾಡಿಗಿ ಯಾರರ ವೋಟ ಹಾಕ್ತಾರೇನು?"

ರಾಯರು ಕಡೆಯ ಆಶ್ರಯವಾಗಿ ಹೆಂಡತಿಯ ಕಡೆಗೆ ತಿರುಗಿದರು.

"ಕೊಡ್ಲಿ ನನ್ನ ತವರು ಅಲ್ರೀ" ಎಂದರು ಸೀತಾಬಾಯಿ ಮೆಲ್ಲಗೆ. "ನೀವು ನಿಮ್ಮ ಅವ್ವನ ತವರಿಗೆ ಗಾಡಿ ಬೇಕಂದ್ರಿ. ನನಗೂ ಅವ್ವ ಇದ್ದಾಳ. ಕೊಡ್ಲಿಯೊಳಗ ಒಂದು ಸ್ಟೇಶನ್ ಇರ್ಲಿ ಅಂತ ನಾನೇ ಬರಸಿದೆ."

ಗೋಪಾಲರಾಯರಿಗೆ ಉಳಿದ ದಾರಿ ಸತ್ಯವೊಂದೇ. ಅವರು ನಂದಕಿಶೋರನಿಗೆ ನೇರವಾಗಿ ಬರೆದರು: ಚಿಂಚೋಳಿಗೆ ರೈಲುಮಾರ್ಗವಿಲ್ಲ, ಹಿಂದೆ ಇರಲಿಲ್ಲ, ಮತದಾರರು ಇಲ್ಲಿ ಪಾಳಿಯಲ್ಲಿ ನಿಂತ ನನ್ನ ಊರಿನವರು, ಆಟವನ್ನು ಆಡಿದವರಲ್ಲ, ಈ ಮತಗಳನ್ನು ತಳ್ಳಿಹಾಕಿದರೆ ನನ್ನ ಆಕ್ಷೇಪವಿಲ್ಲ. ಬರೆದು ಕಣ್ಣು ಮುಚ್ಚಿದರು. ಭಜಿಯವನು ಕೂಡ ಕರಿಯುವ ಜಾರೆಯನ್ನು ಕೆಳಗಿಟ್ಟು ಪರದೆಯ ಕಡೆಗೆ ಇಣುಕಿದ.

ತುಸು ಹೊತ್ತಿಗೆ ಉತ್ತರ ಬಂದಿತು. ತಾರೀಕ ಗಟ್ಟಿಯಾಗಿ ಓದಿದ.

"ಪೂಜ್ಯರೇ, ಇರುವ ಮಾರ್ಗವನ್ನು ಕಟ್ಟುವವರು ನೂರು ಜನ ಇದ್ದಾರೆ. ಇಲ್ಲದ ಮಾರ್ಗಕ್ಕಾಗಿ ಒಂದು ಊರೇ ಬಂದು ಪಾಳಿಯಲ್ಲಿ ನಿಂತದ್ದನ್ನು ನಾನು ಕೇಳಿಲ್ಲ. ನಿಯಮವೆಂದರೆ ನಿಯಮ, ಚಿಂಚೋಳಿ ಮಾರ್ಗವನ್ನೇ ಕಟ್ಟುತ್ತೇನೆ. ಆದರೆ ಆ ಸೀಮೆಯನ್ನು ನಾನು ನೋಡಿಲ್ಲ. ಹೊಲ, ಗುಡ್ಡ, ಕೆರೆ, ನಿಲ್ದಾಣ ಬರಬೇಕಾದ ಜಾಗ, ಎಲ್ಲದರ ಫೋಟೋಗಳನ್ನು ತಾವೇ ತೆಗೆದು ಕಳಿಸಬೇಕು. ತಮ್ಮಷ್ಟು ಸತ್ಯವಂತರು ನನಗೆ ಬೇರೆ ಸಿಕ್ಕಲಾರರು. ವಾಡಿ–ಸೇಡಂ ಮಾರ್ಗಕ್ಕೆ ಬಿದ್ದ ಆ ಒಂದು ಮತ ಯಾರದೆಂದು ತಿಳಿಯಲಿಲ್ಲ. ಆ ಪುಣ್ಯಾತ್ಮನಿಗೆ ಸಮಾಧಾನ ಹೇಳಿರಿ."

ಬಜಾರಿನಲ್ಲಿ ಸಿಳ್ಳು ಎದ್ದಿತು. ಜಟ್ಟೆಪ್ಪ ರಾಯರನ್ನು ಎತ್ತಿಯೇ ಬಿಟ್ಟ. ಇಡೀ ದಿನ ಉಪವಾಸವಿದ್ದು ಹಗುರಾಗಿದ್ದರಿಂದ ಅವರು ಸುಲಭವಾಗಿ ಎದ್ದರು.

ಮರುದಿನ ದ್ವಾದಶಿ. ಪಾರಣೆಯ ಅನ್ನ ಇನ್ನೂ ಗಂಟಲಲ್ಲಿ ಇರುವಾಗಲೇ ಗೋಪಾಲರಾಯರನ್ನು ಚಿಂಚೋಳಿಯ ಬಸ್ಸಿನಲ್ಲಿ ಕೂಡಿಸಲಾಯಿತು. ಪಕ್ಕದಲ್ಲಿ ತವರಿಗೆಂದು ಹೊಸ ಸೀರೆಯುಟ್ಟ ಸೀತಾಬಾಯಿ. ಹಿಂದಿನ ಸೀಟಿನಲ್ಲಿ ಮಗಳಿಗೆಂದು ಹಸಿರು ಬಳೆಗಳನ್ನು ಕಟ್ಟಿಕೊಂಡ ಜಾನಬಿ. ಜೊತೆಗೇ ಬಸ್ಸು ಹತ್ತಿದ್ದ ಜಟ್ಟೆಪ್ಪ ತನ್ನ ತಂಗಿಯ ಮದುವೆಗೆಂದು ಕೊಂಡಿದ್ದ ಕೆಮರಾವನ್ನು ರಾಯರ ಕೊರಳಿಗೆ ಮಾಲೆಯಂತೆ ಹಾಕಿದ್ದ. ಕೊಡ್ಲಿಯ ಸ್ಟೇಶನ್ನು ಬೇವಿನ ಗಿಡದ ಹತ್ತಿರ ಇರಬೇಕೋ ಬಾವಿಯ ಹತ್ತಿರವೋ ಎಂದು ದಾರಿಯುದ್ದಕ್ಕೂ ವಾದ ನಡೆದಿತ್ತು. ಚಂದ್ರಂಪಳ್ಳಿಯ ಕೆರೆಯ ಮೇಲೆ ಗಾಡಿ ಹಾಯಲೇಬೇಕು, ಅದಕ್ಕಾಗಿ ಎಷ್ಟು ಸುತ್ತಾದರೂ ಚಿಂತೆಯಿಲ್ಲವೆಂದು ಮಾತ್ರ ಸರ್ವಾನುಮತವಾಗಿತ್ತು.

ಸೇಡಮ್ಮಿನ ಹತ್ತಿರ ರೈಲ್ವೆ ಗೇಟು ಬಿದ್ದಿತ್ತು. ಬಸ್ಸು ನಿಂತಿತು.

ವಾಡಿಯ ದಿಕ್ಕಿನಿಂದ ಪ್ಯಾಸೆಂಜರ್ ಗಾಡಿ ಬಂದಿತು. ಅವಸರವಿಲ್ಲದೆ, ಬಾಗಿಲುಗಳಲ್ಲಿ ಜನರನ್ನು ತೂಗುಬಿಟ್ಟುಕೊಂಡು, ಮಾವಿನಹಣ್ಣಿನ ಬುಟ್ಟಿಗಳನ್ನೂ ಅಳುವ ಮಕ್ಕಳನ್ನೂ ಹೊತ್ತುಕೊಂಡು ಬಂದಿತು. ಅದರಾಚೆ ಹಳೆಯ ಸಿಗ್ನಲೊಂದು, ಇನ್ನೂ ಕೀಳದೆ ಉಳಿದದ್ದು, ಬಿಳಿಯ ಆಕಾಶದ ಎದುರಿಗೆ ಕೈಯಿಳಿಸಿ ದಾರಿ ಬಿಟ್ಟು ನಿಂತಿತ್ತು. ಗೋಪಾಲರಾಯರು ಕಿಟಕಿಯಿಂದ ಅರ್ಧ ದೇಹವನ್ನು ಹೊರಗೆ ಚಾಚಿದರು. ಕೆಮರಾವನ್ನು ಕಣ್ಣಿಗೆ ಏರಿಸಿದರು.

ಹಿಂದಿನಿಂದ ಜಟ್ಟೆಪ್ಪನ ಅಗಲವಾದ ಅಂಗೈ ಬಂದು ಕೆಮರಾದ ಮುಂದೆ ನಿಂತಿತು.

"ಅದರ ಫೋಟೋ ಯಾಕ್ರಿ ಮಾಸ್ತರ್? ಅದು ಇದ್ದಾ ಅದ. ರೀಲು ಚಿಂಚೋಳಿ ಸ್ಟೇಶನ್ನಿಗಿ ಇಡ್ರಿ."