ಬೋರ್ಡಿನ ಮೇಲೆ ದಾರಪ್ಪ

ಸೋಮವಾರ ಬೆಳಿಗ್ಗೆ ದಾರಪ್ಪ ಬೂಟಿನ ಲೇಸು ಕಟ್ಟಿಕೊಳ್ಳುತ್ತಿದ್ದಾಗ ಎದುರುಮನೆಯ ದೊಡ್ಡಮ್ಮ ದಾರ ಲಡ್ಡಾದ ಮಣಿಸರವೊಂದನ್ನು ಕಾಗದದಲ್ಲಿ ಸುತ್ತಿಕೊಂಡು ಬಂದು, ಕೇಳದೆಯೇ ಅವನ ಅಂಗಿಯ ಜೇಬಿಗೆ ಇಳಿಸಿದರು.

“ನಾಳೆ ಬೆಳಿಗ್ಗೆ ಹಾಕ್ಕೋಬೇಕು. ಬೇರೆ ದಾರಕ್ಕೆ ಪೋಣಿಸಿಕೊಡಪ್ಪ. ನಿನ್ನ ಕೆಲಸವೇ ಇದಲ್ವಾ?”

ಅವನ ಕೆಲಸ ಅದಾಗಿರಲಿಲ್ಲ. ಮದುವೆಯಾದ ಹೊಸದರಲ್ಲಿ ಅವನ ಹೆಂಡತಿ, ಯಜಮಾನರು ಕಂಪ್ಯೂಟರಿನಲ್ಲಿ ಸ್ಟ್ರಿಂಗ್ ಕೆಲಸ ಮಾಡುತ್ತಾರೆ ಎಂದು ಬೀದಿಯಲ್ಲಿ ಹೇಳಿದ್ದಳು. ಸ್ಟ್ರಿಂಗ್ ಎಂದರೆ ದಾರ ಎಂದು ಯಾರೋ ಬಲ್ಲವರು ಬಿಡಿಸಿ ಹೇಳಿದರು. ಅಂದಿನಿಂದ ಅವನು ದಾರಪ್ಪ. ಬಟ್ಟೆ ಒಣಹಾಕುವ ಹಗ್ಗ ಹರಿದರೂ ಕಿಟಕಿ ಪರದೆಯ ದಾರ ಸಿಕ್ಕುಬಿದ್ದರೂ ಕರೆ ಅವನಿಗೇ ಬರುತ್ತಿತ್ತು. ಒಮ್ಮೆ ಊಟಕ್ಕೆ ಬಂದ ಸಹೋದ್ಯೋಗಿ ಈ ಹೆಸರನ್ನು ಕೇಳಿಸಿಕೊಂಡು ಹೋದ. ನೆಗಡಿ ಹರಡಿದ ಹಾಗೆ ಮರುದಿನ ಮಧ್ಯಾಹ್ನದೊಳಗೆ ಅದು ಇಡೀ ಆಫೀಸಿಗೆ ಹರಡಿತು. ಅವನ ಕಂಪ್ಯೂಟರಿನ ಲಾಗಿನ್ ಕೂಡ ದಾರಪ್ಪ ಎಂದೇ ಆಯಿತು.

ದಾರಪ್ಪನ ಕಂಪನಿ ಬಸ್ ನಿಲ್ದಾಣಗಳಿಗೆ ದೀಪದಕ್ಷರದ ಬೋರ್ಡುಗಳನ್ನು ಮಾಡುತ್ತಿತ್ತು. ಹತ್ತಾರು ಜನ ಬರೆದ ತುಂಡು ತುಂಡು ಪ್ರೋಗ್ರಾಮುಗಳನ್ನು ಒಟ್ಟುಗೂಡಿಸಿ, ಒಂದು ಗಂಟು ಕಟ್ಟಿ, ಬೋರ್ಡಿಗೆ ಕಳಿಸುವ ಬಿಲ್ಡ್ ಟೂಲ್ ಅವನದು. ಸಿ ಭಾಷೆಯಲ್ಲಿ ಅವನೊಬ್ಬನೇ ಬರೆದದ್ದು. ಅದು ದಿನಾ ನಸುಕಿನಲ್ಲಿ ತಾನಾಗಿ ಎದ್ದು, ಎಲ್ಲವನ್ನೂ ಹೊಸದಾಗಿ ಕಟ್ಟಿ ಕಳಿಸಿ, ಮತ್ತೆ ಮಲಗುತ್ತಿತ್ತು. ಸರಿಯಾಗಿ ನಡೆದ ದಿನ ಯಾರೂ ಅದರ ಹೆಸರೆತ್ತುತ್ತಿರಲಿಲ್ಲ. ಕೆಟ್ಟ ದಿನ ಅದರ ಹೆಸರೂ ಅವನ ಹೆಸರೂ ಒಟ್ಟಿಗೇ ಬರುತ್ತಿದ್ದವು.

ಇದನ್ನೆಲ್ಲ ಮಾವನಿಗೆ ತಿಳಿಸುವುದು ಸಾಧ್ಯವಾಗಿರಲಿಲ್ಲ. ಮಾವ ಮೇಸ್ತ್ರಿಯಾಗಿದ್ದವರು. ಬಸ್ಸಿನಲ್ಲಿ ಪಕ್ಕ ಕೂತರೆ ದಾರಿಯುದ್ದಕ್ಕೂ, “ಆ ಮೂರಂತಸ್ತು ನಂದು, ಈ ಮೂಲೆ ಅಂಗಡಿ ನಂದು” ಎಂದು ತೋರಿಸುವವರು. ತೋರಿಸಿ ಮುಗಿದ ಮೇಲೆ ಪ್ರತಿ ಸಲವೂ ಕೇಳುವರು: “ಅಳಿಯಂದಿರೇ, ಬಿಲ್ಡ್ ಅಂದ್ರೆ ಕಟ್ಟೋದೇ ಅಲ್ವಾ? ನೀವು ಕಟ್ಟಿದ್ದು ಎಲ್ಲಿದೆ, ಒಂದು ಸಲ ತೋರಿಸಿ.”

ತೋರಿಸುವ ದಿನ ಈಗ ಬಂದಿತ್ತು. ಮಂಗಳವಾರ ಬೆಳಿಗ್ಗೆ ಊರಿನ ದೊಡ್ಡ ನಿಲ್ದಾಣದಲ್ಲಿ ಹೊಸ ಬೋರ್ಡು ಬೆಳಗಲಿತ್ತು. ಕೆಟ್ಟರೆ ಯಾರನ್ನು ಹಿಡಿಯಬೇಕೆಂದು ಗೊತ್ತಿರಲಿ, ಕಟ್ಟಿದವರ ಹೆಸರು ಮೊದಲ ಸಾಲಿನಲ್ಲೇ ಇರಬೇಕು ಎಂದು ನಿಲ್ದಾಣದ ಅಧಿಕಾರಿಣಿ ಪಟ್ಟು ಹಿಡಿದಿದ್ದರು. ಇದನ್ನು ಕೇಳಿದ್ದೇ ಆಫೀಸಿನಲ್ಲಿ ಎಲ್ಲರಿಗೂ ಏಕಕಾಲಕ್ಕೆ ವಿನಯ ಉಕ್ಕಿಬಂತು. ಉಳಿದವನು ದಾರಪ್ಪ. ಅವನು ಅದನ್ನು ಸನ್ಮಾನವೆಂದೇ ತಿಳಿದು, ಮಾವನನ್ನು ನಿಲ್ದಾಣಕ್ಕೆ ಕರೆದೂ ಬಿಟ್ಟ. ಹೆಂಡತಿಗೆ ಗೊತ್ತಾದದ್ದು ಬೀದಿಗೆ ಗೊತ್ತಾಯಿತು. ದೊಡ್ಡಮ್ಮ ಸರ ಪೋಣಿಸಲು ಕೊಟ್ಟದ್ದೂ ಆ ಸಮಾರಂಭಕ್ಕಾಗಿಯೇ.

ಆಫೀಸಿಗೆ ಕಾಲಿಟ್ಟಾಗ ಪರೀಕ್ಷೆಯ ಬೋರ್ಡಿನ ಮುಂದೆ ಗುಂಪು ಸೇರಿತ್ತು. ಮೇಲಿನ ಸಾಲಿನಲ್ಲಿ ‘ತಯಾರಿ: ದಾರಪ್ಪ, ಸೋಮವಾರ’ ಎಂದು ಸರಿಯಾಗಿಯೇ ನಿಂತಿತ್ತು. ಕೆಳಗಿನ ಸಾಲಿನಲ್ಲಿ ‘ಮುಂದಿನ ಬಸ್: ಹತ್ತು ನಿಮಿಷ’ ಎಂದಿರಬೇಕಾದಲ್ಲಿ ಬೇರೆಯೇ ಇತ್ತು.

‘ಮುಂದಿನ ಬಸ್: ವಾರ’.

“ವಾರಕ್ಕೊಂದು ಬಸ್ಸಾ?” ಎಂದರು ಮ್ಯಾನೇಜರು. “ಜನ ಹಾಸಿಗೆ ಹೊತ್ಕೊಂಡು ಬರಬೇಕಾ ನಿಲ್ದಾಣಕ್ಕೆ?”

ದಾರಪ್ಪನಿಗೆ ನೋಡಿದ ಕೂಡಲೇ ಹೊಳೆಯಿತು. ಹೊಸ ಬೋರ್ಡಿನ ಮೆಮೊರಿ ಕಿರಿದೆಂದು, ಅದರೊಳಗೆ ಕಟ್ಟಿದ ದಿನದ ಹೆಸರಿಡುವ ಪೆಟ್ಟಿಗೆಯನ್ನು ಶನಿವಾರ ಅವನೇ ‘ಸೋಮ’ ಹಿಡಿಯುವಷ್ಟಕ್ಕೆ ಇಳಿಸಿದ್ದ. ಅದರಲ್ಲಿ ಹಾಕುವ ಮಾತನ್ನು ಇಳಿಸಲು ಮರೆತಿದ್ದ. ಅಕ್ಷರಗಳ ಸಾಲನ್ನು, ಅಂದರೆ ಸ್ಟ್ರಿಂಗನ್ನು, ನಕಲಿಸುವ ಸಿ ಭಾಷೆಯ ಸ್ಟ್ರಿಂಗ್ ಕಾಪಿ ಎಂಬ ಫಂಕ್ಷನ್ನಿಗೆ ಅಳತೆ ಗೊತ್ತಿಲ್ಲ. ಕೊಟ್ಟದ್ದನ್ನೆಲ್ಲ ಸುರಿಯುತ್ತದೆ. ತುಂಬಿ ಚೆಲ್ಲಿದ ‘ವಾರ’ ಪಕ್ಕದ ಪೆಟ್ಟಿಗೆಗೆ ನುಗ್ಗಿ, ಅಲ್ಲಿದ್ದ ಹತ್ತು ನಿಮಿಷವನ್ನು ಎಬ್ಬಿಸಿ ಕಳಿಸಿ ತಾನು ಕೂತಿತ್ತು.

“ಸಂಜೆ ಐದಕ್ಕೆ ಅಧಿಕಾರಿಣಿ ಬಂದು ಸಹಿ ಹಾಕ್ತಾರೆ,” ಎಂದರು ಮ್ಯಾನೇಜರು. “ಅಷ್ಟರೊಳಗೆ ಸರಿಹೋದ್ರೆ ನಿಮ್ಮ ಹೆಸರು ಇರುತ್ತೆ. ಇಲ್ಲಾಂದ್ರೆ ನಿಮ್ಮ ಹೆಸರು ತೆಗೆದು ‘ತಂಡ’ ಅಂತ ಹಾಕಿಸಿಬಿಡ್ತೀನಿ. ತಂಡ ಅಂದ್ರೆ ಯಾರೂ ಸಿಕ್ಕೋದಿಲ್ಲ.”

ದಾರಪ್ಪನ ಕಣ್ಣ ಮುಂದೆ ಮಾವ ಬಂದು ನಿಂತರು. ತಂಡದ ಮಾವನಾಗಿ ಅವರು ಬಸ್ಸಿನಲ್ಲಿ ಯಾರಿಗೆ ಏನು ತೋರಿಸಿಯಾರು?

ಕೂತು ಕೀಲಿಮಣೆಗೆ ಕೈಯಿಟ್ಟಿದ್ದೇ ತಡ, ಪಕ್ಕದ ಮೇಜಿನವನು ಕುರ್ಚಿಯನ್ನು ಉರುಳಿಸಿಕೊಂಡು ಬಂದ. ಅವನನ್ನು ಆಫೀಸಿನಲ್ಲಿ ಸಲಹೆಗಾರ ಎನ್ನುತ್ತಿದ್ದರು. ಅದು ಹುದ್ದೆಯಲ್ಲ, ಚಟ.

“ಅಯ್ಯೋ ಮಾರಾಯ, ಬರೀ ಕಾಪಿ ಯಾಕೆ ಹಾಕ್ದೆ? ಸ್ಟ್ರಿಂಗ್ ಎನ್ ಕಾಪಿ ಇದೆಯಲ್ಲ. ಎಷ್ಟು ಅಂತ ಹೇಳಿದ್ರೆ ಅಷ್ಟೇ ಹಾಕುತ್ತೆ. ಎನ್ ಅಂದ್ರೆ ನಂಬಿಕೆ ಅಂತ ತಿಳ್ಕೋ.”

“ಆಮೇಲೆ ಏನಾದ್ರೂ ಎಡವಟ್ಟಾದ್ರೆ?”

“ನಾನಿದ್ದೀನಲ್ಲ.”

ದಾರಪ್ಪ ನಂಬಿದ. ಬಿಲ್ಡ್ ಟೂಲ್ ಓಡಿತು. ಕೆಳಗಿನ ಸಾಲಿಗೆ ಹತ್ತು ನಿಮಿಷ ವಾಪಸಾಯಿತು. ಗುಂಪಿನಲ್ಲಿ ಯಾರೋ ಚಪ್ಪಾಳೆ ಶುರುಮಾಡಿ, ಮೇಲಿನ ಸಾಲು ನೋಡಿ ಅರ್ಧಕ್ಕೇ ನಿಲ್ಲಿಸಿದರು.

‘ತಯಾರಿ: ದಾರಪ್ಪ, ಸೋಮಹತ್ತು ನಿಮಿಷ’.

ಮ್ಯಾನೇಜರು ಕನ್ನಡಕ ಏರಿಸಿಕೊಂಡು ಎರಡು ಸಲ ಓದಿದರು. “ಏನ್ರೀ ಇದು? ಹತ್ತು ನಿಮಿಷದಲ್ಲಿ ತಯಾರಿಸಿದ್ದು ಅಂತ ಬರ್ಕೊಂಡಿದ್ದೀರಿ! ಮೂರು ತಿಂಗಳ ಕೆಲಸ ಅಂತ ಅವರಿಗೆ ಬಿಲ್ಲು ಕಳಿಸಿದ್ದೀನಿ ನಾನು!”

ದಾರಪ್ಪ ಸಲಹೆಗಾರನ ಕಡೆ ತಿರುಗಿದ. ಅಲ್ಲಿ ಕುರ್ಚಿ ಮಾತ್ರ ಇತ್ತು, ಇನ್ನೂ ಸಣ್ಣಗೆ ತಿರುಗುತ್ತಿತ್ತು.

“ಯಾಕೆ ಹೀಗಾಯ್ತು? ನನಗೆ ಅರ್ಥವಾಗೋ ಹಾಗೆ ಹೇಳಿ,” ಎಂದರು ಮ್ಯಾನೇಜರು. ಹಿಂದೆ ಹಲವು ಸಲ ಹೀಗೆ ಕೇಳಿ, ಉತ್ತರದ ನಡುವೆಯೇ ಎದ್ದುಹೋದವರು ಅವರು. ಈ ಸಲ ಬಿಡಬಾರದೆಂದು ದಾರಪ್ಪ ಜೇಬಿನಿಂದ ದೊಡ್ಡಮ್ಮನ ಸರ ತೆಗೆದ.

“ನೋಡಿ ಸಾರ್, ಅಕ್ಷರಗಳು ಈ ಮಣಿಗಳ ಹಾಗೆ. ಒಂದರ ಪಕ್ಕ ಒಂದು. ಮಾತು ಇಲ್ಲಿಗೆ ಮುಗೀತು ಅಂತ ಕಂಪ್ಯೂಟರಿಗೆ ಹೇಗೆ ಗೊತ್ತಾಗಬೇಕು? ಕೊನೇಲಿ ಒಂದು ಸೊನ್ನೆ ಇಡ್ತೀವಿ. ಅದೇ ಗಂಟು. ಈ ಎನ್ ಕಾಪಿ ಇದೆಯಲ್ಲ, ಪೆಟ್ಟಿಗೆ ಭರ್ತಿಯಾದ್ರೆ ಗಂಟು ಹಾಕದೇ ಬಿಟ್ಟುಬಿಡುತ್ತೆ. ಗಂಟಿಲ್ಲ ಅಂದ್ರೆ ಸಾರ್—”

ವಿವರಣೆಯ ಭರದಲ್ಲಿ ಅವನ ಬೆರಳು ನಿಜವಾದ ಗಂಟನ್ನೇ ಬಿಚ್ಚಿತು. ಲಡ್ಡು ದಾರ. ಮಣಿಗಳು ಮೇಜಿನ ಮೇಲೆ ಚಟಪಟ ಸುರಿದು, ನೆಲಕ್ಕೆ ಹಾರಿ, ಶಾಲೆ ಬಿಟ್ಟ ಮಕ್ಕಳಂತೆ ನಾಲ್ಕೂ ದಿಕ್ಕಿಗೆ ಓಡಿದವು.

“ಅರ್ಥವಾಯ್ತು,” ಎಂದರು ಮ್ಯಾನೇಜರು. ಕೆಲಸಕ್ಕೆ ಸೇರಿದಾಗಿನಿಂದ ದಾರಪ್ಪ ಅವರ ಬಾಯಲ್ಲಿ ಆ ಮಾತು ಕೇಳಿದ್ದು ಅದೇ ಮೊದಲು. ಸಂತೋಷಪಡುವಷ್ಟರಲ್ಲಿ ಅವರು ಒಂದು ಹೆಜ್ಜೆ ಮುಂದಿಟ್ಟರು. ಕಾಲಡಿಯ ಮಣಿ ಉರುಳಿತು. ಬಲಗಾಲು ಅವರ ಒಪ್ಪಿಗೆಯಿಲ್ಲದೆ ಮುಂದೆ ಹೋಯಿತು. ಉಳಿದ ಶರೀರ ಹಿಂದೆಯೇ ಉಳಿದು ಸಲಹೆಗಾರನ ಖಾಲಿ ಕುರ್ಚಿಯಲ್ಲಿ ಧೊಪ್ಪನೆ ಕೂತಿತು. ಕುರ್ಚಿ ಅವರನ್ನು ಹೊತ್ತುಕೊಂಡು ನೀರಿನ ಫಿಲ್ಟರಿನವರೆಗೂ ಹೋಗಿ ನಿಂತಿತು.

ಮಧ್ಯಾಹ್ನದ ಮೇಲೆ ಅರ್ಧ ಆಫೀಸು ಮೇಜುಗಳ ಕೆಳಗಿತ್ತು. “ಸಾರ್, ಇಲ್ಲೊಂದು ಸಿಕ್ತು,” “ಅದು ಮಣಿ ಅಲ್ಲ ಕಣೋ, ಮಾತ್ರೆ” ಎಂಬ ಮಾತುಗಳ ನಡುವೆ ದಾರಪ್ಪ ಒಬ್ಬನೇ ಮೇಲೆ ಕೂತು ಕೋಡು ಬರೆದ. ಇನ್ನು ಯಾರ ಸಲಹೆಯೂ ಬೇಡ, ಸಿದ್ಧ ಫಂಕ್ಷನ್ನೂ ಬೇಡ. ‘ವಾರ’ಕ್ಕೆ ಹೇಗೂ ಜಾಗವಿಲ್ಲ. ದಿನದ ಹೆಸರಿನ ಮೊದಲ ಎರಡಕ್ಷರ ಮಾತ್ರ ತೆಗೆದುಕೊಳ್ಳಬೇಕು. ಅಕ್ಷರ ಎಂದರೆ ಕಂಪ್ಯೂಟರು ಎಣಿಸುವ ತುಣುಕಲ್ಲ, ಬಾಯಲ್ಲಿ ಬರುವ ಇಡೀ ಅಕ್ಷರ. ಗುಣಿತ, ಒತ್ತು ಯಾವುದೂ ಕತ್ತರಿಸಿಹೋಗದಂತೆ ಎಣಿಸುವ ಫಂಕ್ಷನ್ನನ್ನು ಅವನೇ ಬರೆದ. ಒತ್ತಿರುವ ‘ಶುಕ್ರ’ವೂ ಹಿಡಿಯುವಂತೆ ಪೆಟ್ಟಿಗೆಯನ್ನು ಅಳೆದು ಬೆಳೆಸಿದ. ಕೊನೆಗೆ ತನ್ನ ಕೈಯಾರೆ ಸೊನ್ನೆ ಇಟ್ಟ.

“ಎಲ್ಲ ದಿನಕ್ಕೂ ಎರಡೇ ಅಕ್ಷರ ಸಾಕೇನ್ರೀ?” ಮ್ಯಾನೇಜರು ಸೊಂಟ ಹಿಡಿದುಕೊಂಡೇ ಕೇಳಿದರು.

“ಈಗಲೇ ಎಣಿಸಿಬಿಡ್ತೀನಿ ಸಾರ್.” ದಾರಪ್ಪ ಹೆಬ್ಬೆರಳು ಮಡಚಿದ. “ಸೋಮ…”

ಫೋನು ಹೊಡೆದುಕೊಂಡಿತು. ಹೆಂಡತಿ.

“ರೀ, ಅಪ್ಪ ಆಗಲೇ ಅಂಗಿ ಇಸ್ತ್ರಿ ಮಾಡಿಸ್ತಾ ಇದ್ದಾರೆ. ಇವತ್ತೇ ಹೊರಡಬೇಕಾ ಅಂತ ಕೇಳ್ತಿದ್ದಾರೆ.”

“ಇವತ್ತಲ್ಲ ಕಣೇ, ಮಂಗಳವಾರ. ಮಂಗಳವಾರ ಬೆಳಿಗ್ಗೆ!” ಎಂದು ಫೋನಿಟ್ಟು, ಮುಂದಿನ ಬೆರಳು ಮಡಚಿದ. “ಬುಧ, ಗುರು, ಶುಕ್ರ, ಶನಿ, ಭಾನು. ಆಯ್ತು ಸಾರ್. ಎಲ್ಲ ಎರಡೆರಡೇ ಅಕ್ಷರ. ಅಳತೆ ಕೊಟ್ಟು ಹೊಲಿಸಿದ ಹಾಗಿವೆ.”

ಐದಕ್ಕೆ ಅಧಿಕಾರಿಣಿ ಬಂದರು. ಬೋರ್ಡು ಬೆಳಗಿತು. ‘ತಯಾರಿ: ದಾರಪ್ಪ, ಸೋಮ’. ಕೆಳಗೆ, ‘ಮುಂದಿನ ಬಸ್: ಹತ್ತು ನಿಮಿಷ’.

“ಚೊಕ್ಕವಾಗಿದೆ,” ಎಂದರು ಆಕೆ, ಸಹಿ ಹಾಕಿದರು. ಎಲ್ಲಿದ್ದನೋ ಸಲಹೆಗಾರ, “ನಾನೇ ಹೇಳಿದ್ದು ಮೇಡಂ, ಅಳತೆ ಮುಖ್ಯ ಅಂತ” ಎನ್ನುತ್ತಾ ಪ್ರತ್ಯಕ್ಷನಾದ. ಮ್ಯಾನೇಜರು ದಾರಪ್ಪನ ಬೆನ್ನು ತಟ್ಟಿದರು. ಅವನ ಹೆಸರು ಉಳಿಯಿತು.

ಮನೆಗೆ ಬಂದವನೇ ದಾರಪ್ಪ ಮಣಿಗಳನ್ನು ಗಟ್ಟಿ ದಾರಕ್ಕೆ ಪೋಣಿಸಿ, ಗಂಟಿನ ಮೇಲೆ ಗಂಟು ಹಾಕಿ, ಎದುರುಮನೆಗೆ ಕೊಟ್ಟುಬಂದ. ದೊಡ್ಡಮ್ಮ ಸರವನ್ನು ಬೆರಳಲ್ಲಿ ಜಾರಿಸಿ ನೋಡಿದರು.

“ಇದರಲ್ಲಿ ಒಂದು ಕಮ್ಮಿ ಇದೆಯಲ್ಲೋ.”

“ಇಷ್ಟರಲ್ಲಿ ಒಂದು ಕಮ್ಮಿಯಾದ್ರೆ ಯಾರಿಗೆ ಗೊತ್ತಾಗುತ್ತೆ ದೊಡ್ಡಮ್ಮ?” ಎಂದು ನಕ್ಕು ಬಂದ. ಆ ರಾತ್ರಿ ಅವನಿಗೆ ಸೊಗಸಾದ ನಿದ್ದೆ ಬಂತು. ನಸುಕಿನಲ್ಲಿ ಎಂದಿನಂತೆ ಬಿಲ್ಡ್ ಟೂಲ್ ಎದ್ದಿತು, ಹೊಸ ದಿನದ ಹೆಸರು ಕೇಳಿಕೊಂಡು ಎಲ್ಲವನ್ನೂ ಹೊಸದಾಗಿ ಕಟ್ಟಿತು, ಬೋರ್ಡಿಗೆ ಕಳಿಸಿತು, ಮಲಗಿತು.

ಬೆಳಿಗ್ಗೆ ನಿಲ್ದಾಣದಲ್ಲಿ ಅರ್ಧ ಬೀದಿ ನೆರೆದಿತ್ತು. ಮಾವ ಇಸ್ತ್ರಿ ಅಂಗಿಯಲ್ಲಿ ಎಲ್ಲರಿಗಿಂತ ಮುಂದೆ ನಿಂತು, ಬಸ್ಸಿಗೆ ಕಾಯುತ್ತಿದ್ದ ಅಪರಿಚಿತರಿಗೂ, “ನಮ್ಮ ಅಳಿಯಂದಿರು ಕಟ್ಟಿದ್ದು, ಈಗ ನೋಡಿ ಹೆಸರು ಬರುತ್ತೆ” ಎಂದು ಹೇಳಿಯಾಗಿತ್ತು. ಅಧಿಕಾರಿಣಿ ಗುಂಡಿ ಒತ್ತಿದರು. ಕೆಂಪು ಅಕ್ಷರಗಳು ನಿಲ್ದಾಣದ ಆ ತುದಿಗೂ ಕಾಣುವಂತೆ ಬೆಳಗಿದವು.

ಮಾವ ಮೇಸ್ತ್ರಿಯ ಗಂಟಲಿನಲ್ಲಿ, ತಡೆತಡೆದು, ಒಂದಕ್ಷರವನ್ನೂ ಬಿಡದೆ ಓದಿದರು.

“ತಯಾರಿ… ದಾರಪ್ಪ… ಮಂಗ.”

ಹಿಂದೆ ಯಾರೋ ಕಿಸಕ್ಕೆಂದರು. ಆಮೇಲೆ ಯಾರನ್ನೂ ಹಿಡಿಯಲಾಗಲಿಲ್ಲ. ದಾರಪ್ಪ ಬೆರಳು ಮಡಚಿ ಮತ್ತೆ ಎಣಿಸಿದ. ಸೋಮ, ಆಮೇಲೆ ಫೋನು, ಆಮೇಲೆ ಬುಧ.

ಒಂದು ಕಂಬದ ಹಿಂದೆ ನಿಂತು ಮ್ಯಾನೇಜರಿಗೆ ಫೋನು ಹಚ್ಚಿದ. “ಸಾರ್, ಒಂದೇ ಒಂದಕ್ಷರ. ‘ಳ’ ಬಿಟ್ಟುಹೋಗಿದೆ. ಈಗ್ಲೇ ಬಂದು ಸೇರಿಸ್ತೀನಿ.”

“ಏನೂ ಮುಟ್ಟಬೇಡಿ!” ಮ್ಯಾನೇಜರ ದನಿ ಕಂಬದಾಚೆಗೂ ಕೇಳಿಸಿತು. “ಸಹಿ ಆಗಿಹೋಗಿದೆ. ಪ್ರೋಗ್ರಾಮಿನಲ್ಲಿ ಒಂದಕ್ಷರ ಬದಲಾದ್ರೂ ಇಡೀ ಬೋರ್ಡನ್ನ ಮತ್ತೆ ಮೊದಲಿಂದ ಪರೀಕ್ಷೆ ಮಾಡಿಸಬೇಕು. ನನ್ನ ಸೊಂಟಕ್ಕೆ ಅಷ್ಟು ಶಕ್ತಿ ಇಲ್ಲ. ನಾಳೆ ತಾನಾಗೇ ಬುಧ ಆಗುತ್ತಲ್ರೀ. ವಾರದಲ್ಲಿ ಒಂದೇ ದಿನ ತಾನೇ, ಸುಧಾರಿಸ್ಕೊಳ್ಳಿ.”

ದಾರಪ್ಪ ಕಂಬದ ಹಿಂದಿನಿಂದ ಹೊರಬಂದಾಗ ಮಾವ ಬೋರ್ಡನ್ನೂ ಅಳಿಯನನ್ನೂ ಬಾರಿ ಬಾರಿ ನೋಡುತ್ತಿದ್ದರು. ಹೆಂಡತಿ ಸೆರಗಿನಲ್ಲಿ ಬಾಯಿ ಮುಚ್ಚಿಕೊಂಡಿದ್ದಳು. ಅವಳ ಭುಜಗಳು ಕುಣಿಯುತ್ತಿದ್ದವು.

“ಬಿಡಿ ಅಳಿಯಂದಿರೇ,” ಎಂದರು ಮಾವ, ಸಮಾಧಾನದ ದನಿಯಲ್ಲಿ. “ನಾನೂ ಇಷ್ಟು ಮನೆ ಕಟ್ಟಿದೆ. ಎಲ್ಲೂ ನನ್ನ ಬಗ್ಗೆ ಇಷ್ಟು ಸ್ಪಷ್ಟವಾಗಿ ಯಾರೂ ಬರೆಯಲಿಲ್ಲ.”

“ಅದು ಹಾಗಲ್ಲ ಮಾವ, ಒಂದೇ ಒಂದು ಅಕ್ಷರ ಕಮ್ಮಿಯಾಗಿದೆ, ಅಷ್ಟೇ…”

ದೊಡ್ಡಮ್ಮ ಕೊರಳಿನ ಸರವನ್ನು ಮುಂದಕ್ಕೆಳೆದು, ಮಣಿಯಿಲ್ಲದ ಜಾಗವನ್ನು ಬೆರಳಲ್ಲಿ ಮುಟ್ಟಿ ತೋರಿಸಿದರು.

“ಗೊತ್ತಾಗುತ್ತಪ್ಪ,” ಎಂದರು. “ಒಂದು ಕಮ್ಮಿಯಾದ್ರೂ ಗೊತ್ತಾಗುತ್ತೆ.”