ಸತ್ಯನಾರಾಯಣನ ಬೆನ್ನಿಗೆ ರೋಮಿನ ರಸ್ತೆ

ಆ ಶನಿವಾರ ಬೆಳಗ್ಗೆ ವೆಸ್ಟೆರಾಸ್ ಊರಿನ ಮೇಲೆ ಸುರಿಯುತ್ತಿದ್ದುದು ಮಳೆಯೂ ಅಲ್ಲ, ಹಿಮವೂ ಅಲ್ಲ. ಎರಡೂ ಜಗಳವಾಡಿಕೊಂಡು ಒಟ್ಟಿಗೇ ನೆಲಕ್ಕೆ ಬೀಳುತ್ತಿದ್ದ ಹಾಗಿತ್ತು. ಎಂಟು ಗಂಟೆಯಾದರೂ ಆಕಾಶ ಹಿಂಡದೆ ಬಿಟ್ಟ ನೆಲ ಒರೆಸುವ ಬಟ್ಟೆಯಂತೆ ಜೋತುಬಿದ್ದಿತ್ತು. 2007ರ ನವೆಂಬರ್ ತಿಂಗಳ ಮೊದಲ ಶನಿವಾರ. ಸ್ವೀಡನ್ನಿನ ಜನ ತೀರಿಹೋದ ತಮ್ಮವರ ಗೋರಿಗಳಿಗೆ ಹೋಗಿ ದೀಪ ಹಚ್ಚಿಟ್ಟು ಬರುವ ದಿನ. ಎಲ್ಲರಿಗೂ ರಜೆ ಎಂಬ ಒಂದೇ ಮುಹೂರ್ತ ನೋಡಿ, ಇಂಜಿನಿಯರ್ ಮಹಾಬಲೇಶ್ವರ ಅದೇ ದಿನ ತನ್ನ ಬಾಡಿಗೆ ಮನೆಯಲ್ಲಿ ಸತ್ಯನಾರಾಯಣ ಪೂಜೆ ಇಟ್ಟುಕೊಂಡಿದ್ದ.

ಪೂಜೆಯ ಸಂಕಲ್ಪ ಇದೇ ಮನೆ ಉಳಿಯಲಿ ಎಂಬುದು. ಡಿಸೆಂಬರಿಗೆ ಕರಾರು ಮುಗಿಯುತ್ತಿತ್ತು. ಮನೆಯೊಡತಿ ಬ್ರಿಟಾ ಅದೇ ದಿನ ಸಂಜೆ ನಾಲ್ಕಕ್ಕೆ ಬಂದು, ಮನೆ ನೋಡಿ, ಮುಂದುವರಿಸುವುದೋ ಬೇಡವೋ ಹೇಳುವವಳಿದ್ದಳು. ಬೇರೆ ಮನೆ ಹುಡುಕೋಣವೆಂದರೆ ಆ ಊರಿನ ಬಾಡಿಗೆ ಮನೆಗಳ ಸರದಿ ಎಷ್ಟು ಉದ್ದವೆಂದರೆ, ಇಂದು ಹೆಸರು ಬರೆಸಿದ ಮಗುವಿಗೆ ಮದುವೆಯ ಹೊತ್ತಿಗೆ ಬೀಗದ ಕೈ ಸಿಕ್ಕೀತು.

ಬ್ರಿಟಾಳ ಕರಾರಿನಲ್ಲಿ ಮೂರು ಮಾತು ದಪ್ಪ ಅಕ್ಷರದಲ್ಲಿದ್ದವು. ಗೋಡೆಗೆ ಮೊಳೆ ಹೊಡೆಯಬಾರದು. ಗೋಡೆಗೆ ಅಂಟು ಹಚ್ಚಬಾರದು. ಹಾಲಿನಲ್ಲಿರುವ ಚಿತ್ರ ತನ್ನ ಜಾಗದಿಂದ ಕದಲಬಾರದು.

ಆ ಚಿತ್ರ ಎಂದರೆ ಬಾಗಿಲಿನ ಅರ್ಧದಷ್ಟು ದೊಡ್ಡದು. ಕಲ್ಲು ಹಾಸಿದ ನೇರ ರಸ್ತೆ, ಕೊಡೆ ಬಿಚ್ಚಿ ನಿಂತಂಥ ಮರಗಳು, ಎರಡೂ ಬದಿಗೆ ಮುರಿದ ಕಲ್ಲುಮಂಟಪಗಳು, ದೂರದಲ್ಲೊಂದು ದುಂಡನೆಯ ಗೋಪುರ. ಮಹಾಬಲನ ಹೆಂಡತಿ ಗೀತಾಗೆ ಅದನ್ನು ಕಂಡರೆ ಹಂಪೆಯ ಯಾವುದೋ ಬೀದಿ ನೋಡಿದಂತಾಗುತ್ತಿತ್ತು. ಎಂಟು ತಿಂಗಳಿಂದ ಬೆಳಗಿನ ದೀಪ ಹಚ್ಚಿದ ಮೇಲೆ ಊದುಬತ್ತಿಯನ್ನು ಆ ಕಡೆಗೂ ಒಂದು ಸುತ್ತು ಬೆಳಗುತ್ತಿದ್ದಳು. ಗುಡಿ ಯಾವ ದೇಶದ್ದಾದರೇನು, ಒಳಗಿರುವವನು ಒಬ್ಬನೇ ಎಂಬುದು ಅವಳ ಎಣಿಕೆ.

ಒಂಬತ್ತಕ್ಕೆ ಮಂಗಳೂರಿನ ವಿಕ್ಟರ್ ಮಡಿಸುವ ಕುರ್ಚಿಗಳನ್ನು ಹೊತ್ತು ತಂದ. ಆಫೀಸಿನಲ್ಲಿ ಮಹಾಬಲನ ಪಕ್ಕದ ಮೇಜಿನವನು. ಕುರ್ಚಿ ಇಳಿಸಿ, ಬೆನ್ನು ನೆಟ್ಟಗೆ ಮಾಡಿಕೊಂಡು, ಗೋಡೆ ನೋಡಿ ನಕ್ಕ.

“ಇದು ಆಪ್ಪಿಯನ್ ರಸ್ತೆ ಅಲ್ವಾ ಮಾರಾಯ? ಎರಡು ಸಾವಿರನೇ ಇಸವಿಯಲ್ಲಿ ಮಮ್ಮಿ ಜೊತೆ ರೋಮಿಗೆ ಹೋದಾಗ ನಡೆದಿದ್ದೇನೆ.”

“ಹೌದಾ? ಯಾವ ದೇವಸ್ಥಾನ ವಿಕ್ಟರ್ ಅದು?” ಗೀತಾ ಒಳಗಿಂದ ಕೇಳಿದಳು.

“ದೇವಸ್ಥಾನ ಎಂತದು? ಎಲ್ಲಾ ಗೋರಿಗಳು. ಊರೊಳಗೆ ಹೆಣ ಹೂಳಬಾರದು ಅಂತ ಅವರ ರೂಲು. ಅದಕ್ಕೆ ದಾರಿ ಉದ್ದಕ್ಕೂ ಹೂಳ್ತಿದ್ರು. ಆ ದುಂಡಗಿರೋದು ಯಾರೋ ದೊಡ್ಡ ಮನೆ ಹೆಂಗಸಿಂದು.”

ಅಡುಗೆಮನೆಯಲ್ಲಿ ಸೌಟು ಬಿದ್ದ ಸದ್ದಾಯಿತು.

ಪೂಜೆಯ ಪುಸ್ತಕ ಹಿಡಿದು ಮಾಲತಿ ಆಂಟಿ ಒಳಗೆ ಬಂದದ್ದು ಸರಿಯಾಗಿ ಆ ಹೊತ್ತಿಗೆ. ಊರಿನ ಕನ್ನಡಿಗರ ಪೈಕಿ ಹಿರಿಯರು. ಪುರೋಹಿತರಿಲ್ಲದ ಊರಿನಲ್ಲಿ ಶಾಸ್ತ್ರದ ಮಾತಿಗೆಲ್ಲ ಆಕೆಯೇ ಸುಪ್ರೀಂ ಕೋರ್ಟು. ಸಂಗತಿ ಕೇಳಿ ಸೋಫಾದ ಮೇಲೆ ನಿಧಾನವಾಗಿ ಕೂತರು.

“ಎಂಟು ತಿಂಗ್ಳು ಗೋರಿ ನೋಡ್ಕೊಂಡು ಊಟ ಮಾಡಿದೀರಾ ಗೀತಾ? ನಾನೂ ಅಂದ್ಕೊಳ್ತಿದ್ದೆ, ಈ ಮನೇಲಿ ಮೊಸರು ಯಾಕೆ ಹೆಪ್ಪಾಗಲ್ಲ ಅಂತ.”

“ಇವರು ಸ್ವೀಡಿಷ್ ಪರೀಕ್ಷೇಲಿ ಎರಡು ಸಲ ಫೇಲಾದ್ರು ಆಂಟಿ,” ಎಂದಳು ಗೀತಾ.

“ಆಗದೆ ಇನ್ನೇನು?”

ತಾನು ಓದಿಯೇ ಇರಲಿಲ್ಲ ಎಂಬ ಸತ್ಯ ಮಹಾಬಲನ ಬಾಯಿತನಕ ಬಂದು ಹಿಂದಕ್ಕೆ ಹೋಯಿತು. “ಗೀತಾ, ಕರಾರಲ್ಲಿ ಅದನ್ನ ಕದಲಿಸ್ಬಾರ್ದು ಅಂತಿದೆ. ಇವತ್ತೇ ಬ್ರಿಟಾ ಬರ್ತಾಳೆ,” ಎಂದ.

“ರೀ, ಗೋರಿ ಮುಂದೆ ಕಲಶ ಇಡಲ್ಲ ನಾನು. ಮನೆ ಉಳೀಲಿ ಅಂತ ತಾನೆ ಈ ಪೂಜೆ?”

ಇನ್ನೊಂದು ತೊಡಕೂ ಇತ್ತು. ಊರಿನಿಂದ ತಂದ ದೇವರ ಪಟದ ಗಾಜೂ ಚೌಕಟ್ಟೂ ವಿಮಾನದಲ್ಲಿ ಪುಡಿಯಾಗಿ, ಉಳಿದದ್ದು ಸತ್ಯನಾರಾಯಣನ ಬರೀ ಕಾಗದ. ಅದನ್ನು ಎಲ್ಲಿ ನಿಲ್ಲಿಸಿದರೂ ನಿದ್ದೆ ಬಂದವರಂತೆ ಮುಂದಕ್ಕೆ ಬಾಗುತ್ತಿತ್ತು. ಎರಡು ಕಷ್ಟಗಳನ್ನು ಎದುರುಬದುರು ಕೂರಿಸಿ ನೋಡುತ್ತಿದ್ದ ಮಹಾಬಲನಿಗೆ ಫಕ್ಕನೆ ಬೆಳಕು ಹೊಳೆಯಿತು. ಚಿತ್ರವನ್ನು ಅದೇ ಮೊಳೆಯ ಮೇಲೆ ಹಿಂದುಮುಂದಾಗಿ ತೂಗುಹಾಕುವುದು. ಬೆನ್ನಿನ ಹಲಗೆಯ ಮೇಲೆ ದೇವರನ್ನು ಅಂಟಿಸುವುದು. ಚಿತ್ರ ಜಾಗ ಬಿಡುವುದಿಲ್ಲ, ಗೋಡೆಗೆ ಅಂಟಿಲ್ಲ, ಗೋರಿ ಕಣ್ಣಿಗಿಲ್ಲ.

ಮಾಲತಿ ಆಂಟಿ ಕಣ್ಣು ಮುಚ್ಚಿ ಯೋಚಿಸಿ, “ಕಾಣದೇ ಇದ್ರೆ ದೋಷ ಇಲ್ಲ. ಆದರೆ ಪೂಜೆ ಮಧ್ಯೆ ಪಟ ಕಳಚಿ ಬೀಳಬಾರದು, ನೋಡಿ,” ಎಂದರು.

ಸೆಲ್ಲೋಟೇಪು ಎರಡು ಸಲ ಕಳಚಿತು. ಮೂರನೆಯ ಸಲ ಮಹಾಬಲ, ಮೇಜಿನ ಕಾಲು ಕೂಡಿಸಲು ತಂದಿಟ್ಟಿದ್ದ ಮರದ ಅಂಟನ್ನು ಧಾರಾಳವಾಗಿ ಬಳಿದ. ದೇವರು ಬಂಡೆಯಂತೆ ನಿಂತ.

ಪೂಜೆ ಚೆನ್ನಾಗಿಯೇ ನಡೆಯಿತು. ಮೂರನೆಯ ಅಧ್ಯಾಯದಲ್ಲಿ ಧೂಪದ ಹೊಗೆಗೆ ಚಾವಣಿಯ ಅಲಾರಂ ಕಿರುಚಿಕೊಂಡಿತು. ವಿಕ್ಟರ್ ಕುರ್ಚಿ ಹತ್ತಿ ಟವೆಲಿನಿಂದ ಗಾಳಿ ಬೀಸುತ್ತಿರುವಾಗಲೇ ಕೆಳಗಿನ ಮನೆಯ ಮುದುಕ ಆರ್ವಿಡ್ ಬಾಗಿಲಲ್ಲಿ ನಿಂತಿದ್ದ. ವಾರಕ್ಕೆರಡು ಮಾತು ಆಡಿದರೆ ಹೆಚ್ಚು ಎನ್ನುವ ಮನುಷ್ಯ. ಬೈಯಲೆಂದೇ ಬಂದವನ ಕಣ್ಣು ಗೋಡೆಯ ಮೇಲೆ ಬಿತ್ತು. ಹತ್ತಿರ ಹೋಗಿ ಚೌಕಟ್ಟಿನ ಮೂಲೆಯನ್ನು ಬೆರಳಿನಿಂದ ಮುಟ್ಟಿದ. ಗೀತಾ ಗಾಬರಿಯಲ್ಲಿ ಅವನ ಅಂಗೈಗೆ ಪ್ರಸಾದದ ಸಪಾದ ಭಕ್ಷ್ಯ ಹಾಕಿದಳು. ತಿಂದ. ಕೈ ಮತ್ತೆ ಚಾಚಿದ. ಎರಡನೆಯದನ್ನೂ ತಿಂದು, ಇಲ್ಲಿಯವರ ರೂಢಿಯಂತೆ ಉಸಿರನ್ನು ಒಳಗೆಳೆದುಕೊಂಡೇ “ಯಾ” ಎಂದು ಮೆಟ್ಟಿಲಿಳಿದು ಹೋದ.

ಊಟ ಮುಗಿಸಿ ಜನ ಹೊರಟಾಗ ಮೂರು ಗಂಟೆ. ಮಹಾಬಲ ಪಟಕ್ಕೆ ಕೈ ಹಾಕಿದ.

“ಏನ್ ಮಾಡ್ತಿದೀರಾ?” ಗೀತಾ ಕೇಳಿದಳು.

“ತಿರುಗಿಸ್ತೀನಿ. ನಾಲ್ಕಕ್ಕೆ ಬ್ರಿಟಾ ಬರ್ತಾಳಲ್ಲ.”

“ಈಗ ತಾನೇ ಪೂಜೆ ಮಾಡಿದ ದೇವರ ಮುಖ ಗೋಡೆಗಾ?”

ಅದನ್ನು ಅವನು ಯೋಚಿಸಿಯೇ ಇರಲಿಲ್ಲ. ಕೆಟಲಿನ ಆವಿ ಹಿಡಿದು ಬಿಡಿಸಲು ನೋಡಿದ. ಸ್ವಾಮಿಯ ಪಾದದ ಬಳಿ ಕಾಗದ ಬೆರಳಗಲ ಹರಿಯಿತು. ಗೀತಾಳ ಕಣ್ಣು ತುಂಬಿತು. ಬೂಟು ಹಾಕಿಕೊಳ್ಳುತ್ತಿದ್ದ ಮಾಲತಿ ಆಂಟಿ ಬಾಗಿಲಿನಿಂದಲೇ, “ದೇವರ ಪಟ ಹರಿದ್ರೆ ಮನೆ ಉಳಿಯುತ್ತಾ ಮಹಾಬಲ?” ಎಂದು ಹೇಳಿ, ಎಣ್ಣೆಗೆ ಸಾಸಿವೆ ಹಾಕಿದವರಂತೆ ಹೊರಟುಹೋದರು. ವಿಕ್ಟರನೂ ಕುರ್ಚಿಗಳ ಹಿಂದೆ ಮುಖ ಮರೆಸಿಕೊಂಡು ಜಾರಿಕೊಂಡ.

ನಾಲ್ಕು ಹೊಡೆಯುವಾಗ ಹೊರಗೆ ಕತ್ತಲು, ಒಳಗೆ ದೇವರು ಗೋಡೆಯ ಮೇಲೆ ಹಾಗೆಯೇ ಇದ್ದ. ಬ್ರಿಟಾ ಬಂದಳು. ಒದ್ದೆ ಕೈಗವಸು, ಮೇಣದ ವಾಸನೆ. ಗಂಡ ಗುಸ್ತಾವ್‌ನ ಗೋರಿಗೆ ದೀಪವಿಟ್ಟು ನೇರ ಬಂದಿದ್ದಳು. ಗೋಡೆಯನ್ನೇ ನೋಡುತ್ತ ನಿಂತಳು. ಮಹಾಬಲ ತನ್ನ ಇಂಗ್ಲಿಷನ್ನೆಲ್ಲ ಒಟ್ಟುಗೂಡಿಸಿ ಹಂಪೆಯಿಂದ ಹಿಡಿದು ಮರದ ಅಂಟಿನವರೆಗೆ ಒಪ್ಪಿಸಿಬಿಟ್ಟ.

ಬ್ರಿಟಾ ಕೋಪಿಸಿಕೊಳ್ಳಲಿಲ್ಲ. ಕುರ್ಚಿ ಎಳೆದು ಕೂತಳು. “ಆ ಚಿತ್ರ ನಮ್ಮದಲ್ಲ. ಆರ್ವಿಡ್ ಬರೆದದ್ದು,” ಎಂದಳು. ಪ್ರಾಯದಲ್ಲಿ ಗುಸ್ತಾವ್ ಮತ್ತು ಆರ್ವಿಡ್ ಪಕ್ಕಬಂಡಿ ಕಟ್ಟಿದ ಮೋಟಾರ್ ಸೈಕಲ್ಲಿನಲ್ಲಿ ರೋಮಿಗೆ ಹೋಗಿ, ಆ ರಸ್ತೆಯ ಬದಿಯಲ್ಲಿ ಕೂತು ಒಬ್ಬೊಬ್ಬರು ಒಂದೊಂದು ಚಿತ್ರ ಬರೆದಿದ್ದರು. ಗೆಳೆತನದ ಗುರುತಿಗೆ ನಿನ್ನದು ನನ್ನ ಮನೆಯಲ್ಲಿ, ನನ್ನದು ನಿನ್ನ ಮನೆಯಲ್ಲಿ ಎಂದು ಬದಲಾಯಿಸಿಕೊಂಡಿದ್ದರು. ಆಮೇಲೊಂದು ದಿನ ಕಟ್ಟಡದ ಬಟ್ಟೆ ಒಗೆಯುವ ಕೋಣೆಯಲ್ಲಿ ಯಾರ ಸರದಿ ಎಂದು ಜಗಳವಾಯಿತು. ಮೂವತ್ತಮೂರು ವರ್ಷ ಮಾತಿಲ್ಲ. “ಗುಸ್ತಾವ್ ಸಾಯುವ ಮುಂಚೆ, ಅವನದನ್ನು ಅವನಿಗೆ ಕೊಟ್ಟುಬಿಡು ಎಂದ. ಮೂರು ವರ್ಷ ಧೈರ್ಯ ಬರಲಿಲ್ಲ. ಇವತ್ತು ದೀಪ ಹಚ್ಚುವಾಗ ಬಂತು.”

ಮಹಾಬಲನಿಗೆ ಸತ್ಯನಾರಾಯಣನ ಮಹಿಮೆ ಕಣ್ಣೆದುರೇ ಕಂಡಿತು. ಗೋರಿಗಳು ತಾವಾಗಿಯೇ ಮನೆ ಬಿಟ್ಟು ಹೊರಟಿದ್ದವು. ಬ್ರಿಟಾ ಅಲ್ಲೇ ಇನ್ನೆರಡು ವರ್ಷಕ್ಕೆ ಕರಾರಿಗೆ ಸಹಿಯನ್ನೂ ಹಾಕಿದಳು.

“ದೇವರೂ ಜೊತೆಗೆ ಹೋಗ್ತಾರಲ್ಲ,” ಮಹಾಬಲ ಗೀತಾಳಿಗೆ ಮೆಲ್ಲಗೆ ಹೇಳಿದ.

ಗೀತಾ ಕಣ್ಣೊರೆಸಿಕೊಂಡಳು. “ಹೋಗ್ಲಿ. ಎರಡನೇ ಸಲ ಪ್ರಸಾದ ಕೇಳಿ ತಿಂದ ಮನುಷ್ಯ. ಒಬ್ಬರೇ ಇರ್ತಾರೆ ಪಾಪ. ಸ್ವಾಮಿ ಅಲ್ಲೇ ಇರಲಿ.” ಕೊನೆಯ ಬಾರಿ ಆರತಿ ಎತ್ತಿ ಕಳಿಸಿಕೊಟ್ಟಳು.

ದೇವರನ್ನು ಎದೆಗವಚಿಕೊಂಡು ಮಹಾಬಲ ಮೆಟ್ಟಿಲಿಳಿಯುತ್ತಿದ್ದ. ಮುಂದೆ ಬ್ರಿಟಾ. “ಗೋಡೆ ಖಾಲಿ ಆಗುತ್ತಲ್ಲ, ನಮ್ಮ ದೇವರ ಪಟ ಒಂದು ತರಿಸಿ ಹಾಕಿಕೊಳ್ಳಲಾ?” ಎಂದು ಕೇಳಿದ.

“ಖಂಡಿತ. ಗುಸ್ತಾವ್ ಬರೆದದ್ದು ವಾಪಸು ಬಂದರೆ ಮಾತ್ರ ಆ ಜಾಗ ಅದರದ್ದು. ಕರಾರಿನಲ್ಲಿ ಇರುವ ಹಾಗೇ.”

“ಅದರಲ್ಲಿ ಏನಿದೆ?”

“ಅದೇ ರಸ್ತೆ. ಆರ್ವಿಡ್ ಸೋಮಾರಿ, ರಸ್ತೆ ಶುರುವಾಗುವಲ್ಲೇ ಕೂತುಬಿಟ್ಟ. ಏಳು ಗೋರಿ ಸಿಕ್ಕವು. ಗುಸ್ತಾವ್ ಇನ್ನೂ ಮುಂದೆ, ಗೋರಿಗಳು ಒತ್ತೊತ್ತಾಗಿರುವಲ್ಲಿಗೆ ನಡೆದು ಹೋಗಿ ಹತ್ತೊಂಬತ್ತು ಬರೆದ. ಜಿಪುಣ ಬೇರೆ. ಹಲಗೆ ವ್ಯರ್ಥವಾಗಬಾರದೆಂದು ಬೆನ್ನಿಗೂ ಅದೇ ಗೋರಿಗಳನ್ನು ಬೆಳದಿಂಗಳ ನೋಟವಾಗಿ ಬರೆದ.” ಬ್ರಿಟಾ ನಿಟ್ಟುಸಿರಿಟ್ಟಳು. “ಆದರೆ ಆ ಸಿಟ್ಟಿನಲ್ಲಿ ಆರ್ವಿಡ್ ಅದನ್ನು ಎಂದೋ ಕಸಕ್ಕೆ ಹಾಕಿರಬೇಕು.”

ಮಹಾಬಲನ ಕಾಲು ಒಂದು ಮೆಟ್ಟಿಲು ತಪ್ಪಿತು. ಕೈಯಲ್ಲಿದ್ದ ಸ್ವಾಮಿಯ ಕಿರೀಟಕ್ಕೆ ಗಲ್ಲವಾನಿಸಿ, ಆ ಮುದುಕನಿಗೆ ಅಂದು ತಕ್ಕಷ್ಟು ಸಿಟ್ಟು ಕೊಟ್ಟಿರಪ್ಪಾ ತಂದೆ, ಎಂದು ಬೆಳಗಿನ ಪೂಜೆಯಲ್ಲೂ ಬಾರದ ಭಕ್ತಿಯಿಂದ ಬೇಡಿಕೊಂಡ.

ಆರ್ವಿಡ್ ಬಾಗಿಲು ತೆರೆದ. ಬ್ರಿಟಾಳನ್ನು ನೋಡಿದ. ಚಿತ್ರವನ್ನು ತೆಗೆದುಕೊಂಡು ತಾನು ಬರೆದ ರಸ್ತೆಯನ್ನು ನೋಡಿದ, ತಿರುಗಿಸಿ ದೇವರನ್ನು ನೋಡಿದ. ಎರಡನ್ನೂ ಜೋಪಾನವಾಗಿ ಗೋಡೆಗೊರಗಿಸಿ ಒಳಗೆ ಹೋದ. ಏನನ್ನೋ ಎಳೆಯುವ ಸದ್ದು, ಕಪಾಟಿನ ಬಾಗಿಲು ಕಿರುಗುಟ್ಟಿದ ಸದ್ದು. ಹೊರಬಂದಾಗ ಅವನ ತೋಳುಗಳಲ್ಲಿ, ಒಗೆದು ಇಸ್ತ್ರಿ ಮಾಡಿದ ಬಿಳಿ ದುಪ್ಪಟದಲ್ಲಿ ಸುತ್ತಿದ, ಅವನ ಎದೆಯಗಲ ಮೀರಿದ ಒಂದು ಹಲಗೆಯಿತ್ತು. ಅದನ್ನು ಬ್ರಿಟಾಳ ಕೈಗೆ ಕೊಟ್ಟ.