ಎಲ್ಲ ಅರ್ಜಿಗಳನ್ನೂ ಮನುಷ್ಯರೇ ನೋಡಿದ್ದಾರೆ

ನನ್ನ ಉದ್ಯೋಗ ಏನೆಂದು ನೆಂಟರಿಗೆ ವಿವರಿಸುವುದನ್ನು ನಾನು ಬಿಟ್ಟು ಬಹಳ ದಿನವಾಯಿತು. ಕೃತಕ ಬುದ್ಧಿಮತ್ತೆಯ ನಿಯಂತ್ರಣ ಮತ್ತು ನೀತಿ ನನ್ನ ವಿಷಯ ಎಂದರೆ, ಎದುರಿಗಿದ್ದವರು ಗೌರವದಿಂದ ತಲೆಯಾಡಿಸಿ, ಹಾಗಿದ್ದರೆ ನಮ್ಮ ಪ್ರಿಂಟರ್ ಯಾಕೆ ಕೆಟ್ಟಿದೆ ಸ್ವಲ್ಪ ನೋಡಿ ಎನ್ನುತ್ತಾರೆ. ಭಾಲ್ಕಿಯ ನನ್ನ ಮಾವನವರು ಮಾತ್ರ, ನಮ್ಮ ಅಳಿಯಂದಿರು ಕಂಪ್ಯೂಟರಿಗೆ ನೀತಿಪಾಠ ಹೇಳುತ್ತಾರೆ ಎಂದು ಊರೆಲ್ಲ ಹೇಳಿಕೊಂಡು ತಿರುಗುತ್ತಾರೆ. ಒಮ್ಮೆ ಊಟಕ್ಕೆ ಕುಳಿತಾಗ ಮೆಲ್ಲಗೆ ಕೇಳಿದರು: “ಅದು ಹೇಳಿದಂಗ ಕೇಳ್ತದೇನ್ರಿ?” ಕೇಳದೆ ಏನು ಮಾಡುತ್ತದೆ ಎಂದು ಜಂಬದಿಂದ ಹೇಳಿ ಇನ್ನೊಂದು ರೊಟ್ಟಿ ಹಾಕಿಸಿಕೊಂಡೆ.

ಆ ವರ್ಷ ಮಳೆ ಪೂರ್ತಿ ಕೈಕೊಟ್ಟಿತ್ತು. ಔರಾದ ಕಡೆಯಿಂದ ಜನ ಗಂಟುಮೂಟೆ ಕಟ್ಟಿಕೊಂಡು ಹೈದರಾಬಾದಿನ ಬಸ್ಸು ಹತ್ತುತ್ತಿದ್ದರು. ತಂದೆತಾಯಿ ಊರು ಬಿಟ್ಟರೂ ಓದು ನಿಲ್ಲದಿರಲಿ ಎಂದು ಬೀದರಿನಲ್ಲಿ ನಾನು ಪಾಠ ಮಾಡುವ ಕಾಲೇಜಿನ ಹಾಸ್ಟೆಲಿಗೆ ಹೆಣ್ಣುಮಕ್ಕಳು ಮುಗಿಬಿದ್ದು ಅರ್ಜಿ ಹಾಕಿದರು. ಆಯ್ಕೆಗೆ ಒಂದು ತಂತ್ರಾಂಶ ಬಂತು. ಯಂತ್ರವೊಂದೇ ತೀರ್ಮಾನ ಮಾಡಕೂಡದು ಎಂದು ನಾನು ಎರಡು ತಿಂಗಳು ಜಗಳಾಡಿ, ಅದು ಕೊಡುವ ಪಟ್ಟಿಯ ಕೊನೆಗೆ ‘ಎಲ್ಲ ಅರ್ಜಿಗಳನ್ನೂ ಮನುಷ್ಯರೇ ನೋಡಿದ್ದಾರೆ’ ಎಂಬ ಸಾಲು ಹಾಕಿಸಿದೆ. ಕೆಳಗೆ ಸಹಿಗೆ ಜಾಗ. ಆ ಮನುಷ್ಯ ಯಾರಾಗಬೇಕು ಎಂಬ ಪ್ರಶ್ನೆ ಬಂದಾಗ ಸಭೆಯಲ್ಲಿದ್ದವರೆಲ್ಲ ನನ್ನ ಕಡೆ ನೋಡಿದರು.

ಗುಮಾಸ್ತರು ಪಟ್ಟಿ ತಂದ ಮಧ್ಯಾಹ್ನ ನಾನು ಬಹಳ ಅವಸರದಲ್ಲಿದ್ದೆ. ಯಂತ್ರದ ಮೇಲೆ ಮನುಷ್ಯನ ನಿಗಾ ಎಷ್ಟು ಅಗತ್ಯ ಎಂಬ ಬಗ್ಗೆ ಮರುದಿನ ಭಾಷಣವಿತ್ತು, ಅದನ್ನು ತಿದ್ದುತ್ತಿದ್ದೆ. ಪಕ್ಕದಲ್ಲಿ ಚಹಾ, ಮಿರ್ಚಿ ಭಜಿ. ಅರ್ಜಿಗಳ ಕಟ್ಟು ಬಿಚ್ಚಲೇ ಇಲ್ಲ. ಭಜಿ ತಿಂದ ಕೈಯಲ್ಲೇ ಪೆನ್ನು ಹಿಡಿದು ಸಹಿ ಗೀಚಿದೆ. ಹಾಳೆಯ ಮೂಲೆಗೆ ಎಣ್ಣೆ ಹತ್ತಿತು. ಆ ಪಟ್ಟಿಯನ್ನು ಮನುಷ್ಯನೊಬ್ಬ ಮುಟ್ಟಿದ್ದಕ್ಕೆ ಉಳಿದ ಪುರಾವೆ ಅದೊಂದೇ.

ವಾರದ ನಂತರ ಔರಾದ ಬಸ್ಸಿಳಿದು ಶಾಂತಾಬಾಯಿ ಎಂಬ ಹೆಂಗಸು ಮಗಳನ್ನು ಕರೆದುಕೊಂಡು ನನ್ನ ಕೋಣೆಗೆ ಬಂದರು. ಒಳ್ಳೆಯ ಅಂಕವಿದ್ದೂ ಮಗಳಿಗೆ ಹಾಸ್ಟೆಲ್ ಸಿಕ್ಕಿರಲಿಲ್ಲ. ಜಗಳವಿಲ್ಲ, ಅಳು ಇಲ್ಲ. ಬಾಗಿಲ ಹತ್ತಿರವೇ ನಿಂತು ಕೇಳಿದರು:

“ನಮ್ಮ ಆಶಾಂದು ಕಾಗದ ನೀವು ನೋಡಿದ್ರೇನ್ರಿ ಸರ?”

ಇಲ್ಲ ಎನ್ನಲು ಎಷ್ಟು ಹೊತ್ತು ಬೇಕಿತ್ತು? ನಾನು ಕನ್ನಡಕ ಸರಿಮಾಡಿಕೊಂಡು, “ನೋಡೀನ್ರಿ” ಎಂದೆ. ಅವರು ಕೈಮುಗಿದು ಹೋದರು. ಆ ಹುಡುಗಿ ಒಂದು ಸಲ ತಿರುಗಿ ನೋಡಿದಳು.

ಅವರು ಹೋದ ಮೇಲೆ ಕಟ್ಟು ಬಿಚ್ಚಿದೆ. ಆಶಾಳ ಹಾಜರಾತಿ ಕಡಿಮೆ ಎಂದು ಯಂತ್ರ ಅವಳನ್ನು ಕೆಳಗೆ ತಳ್ಳಿತ್ತು. ತಂದೆತಾಯಿಯ ಜೊತೆ ಹೈದರಾಬಾದಿಗೆ ಹೋಗಿ ಎರಡು ತಿಂಗಳು ಕಾಲೇಜು ತಪ್ಪಿತೆಂದು ಅವಳು ದುಂಡಗಿನ ಅಕ್ಷರದಲ್ಲಿ ಬರೆದಿದ್ದಳು. ವಲಸೆ ಹೋದವರನ್ನು ಯಂತ್ರ ಸೋಮಾರಿಗಳೆಂದು ತಿಳಿಯುತ್ತದೆ ಎಂದು ನಾನೇ ವರ್ಷ ವರ್ಷ ಪಾಠ ಮಾಡುತ್ತೇನೆ. ಆ ಅರ್ಜಿ ಹಿಡಿದುಕೊಂಡು ಹೋಗಿ ಪ್ರಿನ್ಸಿಪಾಲರ ಮುಂದೆ ತಪ್ಪೊಪ್ಪಿಕೊಂಡೆ. ಅವರು ಬೈದು, ಒಂದು ಮಂಚ ಹೆಚ್ಚಿಗೆ ಹಾಕಿಸಲು ಒಪ್ಪಿ ಪತ್ರ ಕೊಡುವಷ್ಟರಲ್ಲಿ ನಾಲ್ಕು ದಿನ ಕಳೆದಿತ್ತು. ಅರ್ಜಿಯಲ್ಲಿದ್ದ ಫೋನು ಸ್ವಿಚ್ ಆಫ್. ಪತ್ರ ಹಿಡಿದು ನಾನೇ ಔರಾದ ಬಸ್ಸು ಹತ್ತಿದೆ.

ಮನೆಗೆ ಬೀಗ. ತಂದೆ, ತಾಯಿ, ಮಗಳು ಮೂವರೂ ಹಿಂದಿನ ದಿನವೇ ಊರು ಬಿಟ್ಟಿದ್ದರು, ಎಲ್ಲಿಗೆಂದು ಯಾರಿಗೂ ಸರಿಯಾಗಿ ತಿಳಿಯದು. ಶಾಂತಾಬಾಯಿ ಇನ್ನೊಮ್ಮೆ ಬಂದು ಕೇಳಿ ನೋಡಬಹುದಿತ್ತಲ್ಲ ಎಂದು ನಾನು ಪಕ್ಕದ ಮನೆಯ ಅಜ್ಜಿಯೆದುರು ಗೊಣಗಿದೆ, ತಪ್ಪು ಅವರದೇ ಎಂಬಂತೆ.

“ಆ ಪೋರಿ ಇನ್ನೊಮ್ಮಿ ಹೋಗಮು ಅಂತ ಭಾಳ ಅತ್ತಾಳ್ರಿ,” ಎಂದರು ಅಜ್ಜಿ. “ಸರ ಖುದ್ದ ನೋಡ್ಯಾರ, ಅವರು ನೋಡಿದ ಮ್ಯಾಲ ಮತ್ತೇನು ಕೇಳೋದು ಅಂತ ಅವರವ್ವನೇ ಸುಮ್ಮನ ಮಾಡಿದಳ್ರಿ.”

ಆ ಪತ್ರ ಇವತ್ತಿಗೂ ನನ್ನ ಚೀಲದಲ್ಲಿದೆ. ಈಗ ಒಂದೊಂದು ಅರ್ಜಿಯನ್ನೂ ಓದಿಯೇ ಸಹಿ ಮಾಡುತ್ತೇನೆ. ಕಂಪ್ಯೂಟರ್ ಒಂದು ಗಳಿಗೆಯಲ್ಲಿ ಮುಗಿಸಿದ್ದಕ್ಕೆ ಸರ್ ಒಂದು ವಾರ ತಗೋತಾರೆ ಎಂದು ಗುಮಾಸ್ತರು ಗೊಣಗುತ್ತಾರೆ.

ಮೊನ್ನೆ ಭಾಲ್ಕಿಯಲ್ಲಿ ಊಟಕ್ಕೆ ಕುಳಿತಾಗ ಮಾವನವರು ಮತ್ತೆ, ಈಗಾದರೂ ಅದು ಹೇಳಿದಂತೆ ಕೇಳುತ್ತದೆಯೇ ಎಂದು ವಿಚಾರಿಸಿದರು. ಅದರದೇನೂ ತಕರಾರಿಲ್ಲ, ಪಾಠ ಹೇಳುವವನದೇ ಸ್ವಲ್ಪ ಕಷ್ಟ ಎಂದೆ. ಅಳಿಯಂದಿರು ತಮಾಷೆ ಮಾಡುತ್ತಿದ್ದಾರೆಂದು ಅವರು ಮನಸಾರೆ ನಕ್ಕು, ನನಗೆ ಇನ್ನೊಂದು ರೊಟ್ಟಿ ಬಡಿಸಲು ಹೇಳಿದರು. ನಾನು ಅದನ್ನೂ ತಿಂದೆ.